ಗೋಡೆ ಬಲಕ್ಕಿರಲಿ

ಭದ್ರಾವತಿಯ ಜನ್ನಾಪುರದ ಆ ಮನೆಯ ನಡುಮನೆಯಲ್ಲಿ, ಗೋಡೆಯ ಮೇಲೆ, ಸೊಂಟಕ್ಕಿಂತ ಗೇಣು ಎತ್ತರದಲ್ಲಿ ಒಂದು ಕಂದು ಪಟ್ಟೆ ಇತ್ತು. ಅಡುಗೆಮನೆಯ ಬಾಗಿಲಿನಿಂದ ಹೊರಟು, ದೇವರ ಗೂಡಿನ ಕೆಳಗೆ ಹಾದು, ಕಿಟಕಿಯ ಹತ್ತಿರ ಸ್ವಲ್ಪ ತಗ್ಗಿ, ಬೀದಿ ಬಾಗಿಲು ದಾಟಿ, ಟೀವಿಯ ಹಿಂದೆ ಮರೆಯಾಗಿ ಮತ್ತೆ ಅಡುಗೆಮನೆಯ ಬಾಗಿಲಿಗೇ ಬಂದು ಸೇರುತ್ತಿತ್ತು. ಮೊದಲ ಸಲ ನೋಡಿದಾಗ ಮನೆಯೊಳಗೆ ಎಂದೋ ನೀರು ನಿಂತ ಗುರುತು ಇರಬೇಕು ಅಂದುಕೊಂಡೆ. ಅದು ನಾವೆಲ್ಲ ಮಿಸ್ ಅನ್ನುತ್ತಿದ್ದ, ಆ ಮನೆಯ ಹಿರಿಯಾಕೆಯ ಬಲ ಅಂಗೈ. ತಲೆಗೆ ಹಚ್ಚಿದ ಕೊಬ್ಬರಿ ಎಣ್ಣೆಯೂ ಕೈಯ ಬೆವರೂ ಸೇರಿ, ವರ್ಷಗಳ ಓಡಾಟದಲ್ಲಿ ಸುಣ್ಣದ ಮೇಲೆ ಎಳೆದ ಗೆರೆ.

ಸಮುದ್ರ ಸಂಶೋಧನೆಯ ಹಡಗಿನಲ್ಲಿ ಕೆಲಸದಲ್ಲಿದ್ದ ಕಾಲದಲ್ಲಿ, ನೀರಿಗೆ ಇಳಿಬಿಟ್ಟ ಉಪಕರಣದ ಹಗ್ಗ ಜಗ್ಗಿ ಅವರ ಎಡ ಭುಜದ ಕೀಲು ಕಿತ್ತುಬಂದಿತ್ತಂತೆ. ಆಮೇಲೆ ಆ ಕೈ ಮೇಲೇಳಲಿಲ್ಲ. ವಯಸ್ಸಾದಂತೆ ನಡಿಗೆಯ ತೂಕವೂ ತಪ್ಪಿತು. ಆನಿಕೊಳ್ಳಲು ಇದ್ದದ್ದು ಬಲಗೈ ಒಂದೇ, ಹಾಗಾಗಿ ಗೋಡೆ ಯಾವಾಗಲೂ ಬಲಕ್ಕೇ ಇರಬೇಕು. ಅಡುಗೆಮನೆಯಿಂದ ಬೀದಿ ಬಾಗಿಲಿಗೆ ಬಂದವರು ಬಂದ ದಾರಿಯಲ್ಲಿ ಹಿಂದಿರುಗುವಂತಿರಲಿಲ್ಲ. ಉಳಿದ ಅರ್ಧ ನಡುಮನೆಯನ್ನೂ ಸುತ್ತಿಯೇ ಒಳಗೆ ಹೋಗಬೇಕು.

ಆ ಮನೆಯಲ್ಲಿ ಇದ್ದದ್ದು ಇಬ್ಬರೇ. ಮಿಸ್, ಮತ್ತು ತೀರಿಕೊಂಡ ಅವರ ತಮ್ಮನ ಹೆಂಡತಿ. ಆ ಆಂಟಿಗೆ ಈ ಸುತ್ತು ಸರಿಬರುತ್ತಿರಲಿಲ್ಲ.

"ಅಕ್ಕಾ, ಬೆಳಗಾದ್ರೆ ಮನೆ ತುಂಬ ಅಪ್ರದಕ್ಷಿಣೆ ಹಾಕ್ತೀರಲ್ಲ, ಇದು ಒಳ್ಳೇದಲ್ಲ. ಸಾವಿನ ಮನೇಲಿ ಹಾಕೋ ಸುತ್ತು ಇದು."

"ಪ್ರದಕ್ಷಿಣೆ ಹಾಕಿದ್ರೆ ಬಿದ್ದುಹೋಗ್ತೀನಿ ಕಣೇ. ಬಿದ್ದ ಅತ್ತಿಗೆ ಒಳ್ಳೇದೋ, ಅಪ್ರದಕ್ಷಿಣೆ ಒಳ್ಳೇದೋ, ನೀನೇ ಹೇಳು."

ಇಂಥ ಮಾತಿಗೆ ನಾನು ಜೋರಾಗಿ ನಗುತ್ತಿದ್ದೆ. ಶಿವಮೊಗ್ಗದ ವಿನೋಬನಗರದ ನಮ್ಮ ಮನೆಯಲ್ಲಿ ರಾಹುಕಾಲದ ಬಗ್ಗೆ ಅಪ್ಪನ ಜೊತೆ, ಗ್ರಹಣದ ಬಗ್ಗೆ ಅಜ್ಜಿಯ ಜೊತೆ ವಾದ ಮಾಡಿ ಮಾಡಿ, "ಇವಳಿಗೆ ಗಂಡು ಹುಡುಕೋದಲ್ಲ, ಜಡ್ಜನ್ನ ಹುಡುಕಬೇಕು" ಅಂತ ಅಮ್ಮನ ಕೈಲಿ ಅನ್ನಿಸಿಕೊಂಡವಳು ನಾನು. ಚರ್ಚಾಸ್ಪರ್ಧೆಯಲ್ಲಿ ಪಳಗಿದ ನಾಲಿಗೆ ನನ್ನದು. ಯಾವ ವಿಷಯ ಕೊಟ್ಟರೂ ಪರವಾಗಿಯೂ ಮಾತಾಡಬಲ್ಲೆ, ವಿರೋಧವಾಗಿಯೂ ಮಾತಾಡಬಲ್ಲೆ. ಮಿಸ್ ವಿಷಯದಲ್ಲಿ ನಾನು ತಪ್ಪಿತಸ್ಥಳೇ ಎಂಬುದನ್ನೂ ಹಾಗೆ ಎರಡೂ ಕಡೆಯಿಂದ ವಾದಿಸಿ ನೋಡಿದ್ದೇನೆ. ಪ್ರತಿ ಸಲವೂ ನಿರಪರಾಧಿ ಎಂದೇ ತೀರ್ಪು ಬರುತ್ತದೆ. ಪುರಾವೆ ಪೂರ್ತಿ ನನ್ನ ಕಡೆಗಿದೆ. ಆದರೂ ಶನಿವಾರ ಬಂತೆಂದರೆ ಭದ್ರಾವತಿಯ ಬಸ್ಸಿನ ಕಡೆ ನೋಡಲು ನನಗೆ ಮುಖವಿಲ್ಲ.

ಅವರು ಸಿಕ್ಕಿದ್ದೂ ಒಂದು ಚರ್ಚಾಸ್ಪರ್ಧೆಯಲ್ಲೇ. ಶಿವಮೊಗ್ಗದ ಕಾಲೇಜೊಂದರಲ್ಲಿ. ವಿಷಯ: 'ಕಡಲು ಸೇರುವ ನದಿ ನೀರು ವ್ಯರ್ಥ.' ಚೀಟಿಯಲ್ಲಿ ನನಗೆ 'ಪರ' ಬಂತು. ಹರಿದು ಉಪ್ಪಾಗುವ ನೀರಿಗೂ ಬಚ್ಚಲಿಗೆ ಸುರಿದ ಹಾಲಿಗೂ ಏನು ವ್ಯತ್ಯಾಸ, ಸಮುದ್ರ ಎಂಬುದು ನೀರಿನ ಸ್ಮಶಾನ ಅಂತೆಲ್ಲ ಹೇಳಿ ಚಪ್ಪಾಳೆ ಗಿಟ್ಟಿಸಿದೆ. ತೀರ್ಪುಗಾರರಲ್ಲಿ ಒಬ್ಬರು ಬಿಳಿ ಜಡೆಯ, ದಪ್ಪ ಕನ್ನಡಕದ ಹೆಂಗಸು. ಮೊದಲ ಬಹುಮಾನ ನನಗೇ ಕೊಟ್ಟರು. ಕೊಡುವಾಗ ಕಿವಿಯ ಹತ್ತಿರ ಬಾಗಿ ಅಂದರು:

"ಬಹುಮಾನ ನಿನ್ನ ಬಾಯಿಗೆ ಮಾರಾಯ್ತಿ. ಸಮುದ್ರ ನೋಡಿದ್ದೀಯಾ?"

"ಮುರುಡೇಶ್ವರಕ್ಕೆ ಹೋಗಿದ್ದೆ."

"ಅದು ದಡ. ಸಮುದ್ರ ಎಲ್ಲಿ ನೋಡಿದೆ ಅಂತ ಕೇಳಿದ್ದು."

ಕಾರ್ಯಕ್ರಮ ಮುಗಿದ ಮೇಲೆ, ಕಾರಿಡಾರಿನ ಗೋಡೆ ಹಿಡಿದು ನಿಧಾನ ಬರುತ್ತಿದ್ದವರನ್ನು ನಾನೇ ತಡೆದೆ. ನನ್ನ ವಾದದಲ್ಲಿ ತಪ್ಪೇನಿತ್ತು ಹೇಳಿ, ಅಂತ ಪಟ್ಟುಹಿಡಿದೆ. ಅವರು ಗೋಡೆಗೆ ಒರಗಿ ನಿಂತು ಹೇಳಿದ್ದು ಇಷ್ಟು. ಭದ್ರೆ ತುಂಗೆಯನ್ನು ಕೂಡಿ, ಕೃಷ್ಣೆ ಸೇರಿ, ಬಂಗಾಳ ಕೊಲ್ಲಿಗೆ ಬೀಳುತ್ತಾಳೆ. ಅಲ್ಲಿಗೆ ಕಥೆ ಮುಗಿಯಲಿಲ್ಲ. ಚಳಿಗಾಲದಲ್ಲಿ ಆ ಕೊಲ್ಲಿಯ ಸಪ್ಪೆ ನೀರು ದಡವನ್ನು ಬಲಕ್ಕಿಟ್ಟುಕೊಂಡು ದಕ್ಷಿಣಕ್ಕೆ ಇಳಿಯುತ್ತದೆ, ಲಂಕೆಯನ್ನು ಬಳಸಿಕೊಂಡು ನಮ್ಮ ಪಶ್ಚಿಮ ಕರಾವಳಿಗೆ ತಿರುಗುತ್ತದೆ, ಆಗಲೂ ದಡವನ್ನು ಬಲಕ್ಕಿಟ್ಟುಕೊಂಡೇ ಉತ್ತರಕ್ಕೆ ಏರುತ್ತದೆ.

"ನಿಮ್ಮೂರ ನೀರು ಇಡೀ ದೇಶ ಸುತ್ತಿ, ಘಟ್ಟದ ಆ ಕಡೆ ಬಂದು ನಿಂತಿರುತ್ತೆ. ನೀನು ಇಲ್ಲಿ ಅದಕ್ಕೆ ತಿಥಿ ಮಾಡ್ತಿದ್ದೀಯ. ಶನಿವಾರ ಬಾ, ತೋರಿಸ್ತೀನಿ. ಮನೇಲೇ ಸಮುದ್ರ ಇದೆ."

ಮನೆಯಲ್ಲಿ ಇದ್ದ ಸಮುದ್ರ ಒಂದು ಗ್ರೈಂಡರ್. ಹಿತ್ತಲ ಬಾಗಿಲಿನ ಪಕ್ಕ, ಪಾತ್ರೆ ತೊಳೆಯುವ ಸಿಮೆಂಟು ನೆಲದ ಮೇಲೆ ಕೂತಿತ್ತು. ಹಳೆಯ ದೊಡ್ಡ ಗ್ರೈಂಡರಿನ ಕಲ್ಲು ಕಿತ್ತು, ತಿರುಗುವ ಭಾಗದ ಮೇಲೆ ಮಗುವಿಗೆ ಸ್ನಾನ ಮಾಡಿಸುವಂಥ ಅಗಲದ ದುಂಡು ಟಬ್ ಕೂರಿಸಿದ್ದರು. ಹೊಲಿಗೆ ಯಂತ್ರದ ಗಾಲಿ ಮತ್ತು ಬೆಲ್ಟು ಹಾಕಿ ವೇಗ ತಗ್ಗಿಸಿದ್ದರು. ಟಬ್ಬಿನ ಒಳಗೆ ಅಂಚಿನ ಸುತ್ತ, ನೀರಿನಲ್ಲಿ ಮುಳುಗುವಂತೆ, ಸಿಮೆಂಟಿನ ಅಗಲ ಕಟ್ಟೆ, ಅದರ ಒಳತುದಿಯಲ್ಲಿ ಕಡಿದಾದ ಇಳಿಜಾರು, ನಡುವೆ ಆಳ. ಅಂಚಿನ ಮೇಲೆ ಉಗುರುಬಣ್ಣದಲ್ಲಿ ಮಂಗಳೂರು, ಮಲ್ಪೆ, ಭಟ್ಕಳ, ಹೊನ್ನಾವರ, ಕಾರವಾರ ಎಂದು ಬರೆದಿತ್ತು.

ಪಠ್ಯಪುಸ್ತಕದಲ್ಲಿ ನಾವು 'ಖಂಡಾವರಣ ಪ್ರದೇಶ' ಎಂದು ಉರುಹೊಡೆದು ಮರೆತ, ದಡದಾಚೆಯ ಆಳವಿಲ್ಲದ ಕಡಲತಳವನ್ನು ಮಿಸ್ ಜಗಲಿ ಅನ್ನುತ್ತಿದ್ದರು. ಟಬ್ಬಿನ ಕಟ್ಟೆ ಅದೇ. ಆಳದ ಕಡಲು ಬೀದಿ. ಜಗಲಿಯ ಬುಡಕ್ಕೆ ತಾಗಿಕೊಂಡೇ ಬೀದಿಯಲ್ಲಿ ಒಂದು ದೊಡ್ಡ ಪ್ರವಾಹ ಹರಿಯುತ್ತದೆ.

"ಬೀದೀಲಿ ಮೆರವಣಿಗೆ ಹೋಗ್ತಿದೆ ಅಂತಿಟ್ಕೊ. ಜಗಲಿ ಮೇಲೆ ಕೂತವರು ಏಳ್ತಾರೋ ಇಲ್ವೋ? ನನ್ನ ಇಡೀ ಸರ್ವೀಸಿನ ಪ್ರಶ್ನೆ ಇದೊಂದೇ."

ಮೀನು ಇರುವುದು ಜಗಲಿಯ ಮೇಲೆ. ದೋಣಿ ಹೋಗುವುದು ಜಗಲಿಯ ಮೇಲೆ. ಮಳೆಗಾಲದಲ್ಲಿ ಉಸಿರಾಡಲು ಆಮ್ಲಜನಕವಿಲ್ಲದ ತಣ್ಣೀರು ಕೆಳಗಿನಿಂದ ಹತ್ತಿ ಬಂದು ಮೀನನ್ನು ಓಡಿಸುವುದೂ ಆ ಜಗಲಿಯಿಂದಲೇ. ಅಲ್ಲಿನ ನೀರನ್ನು ಕದಲಿಸುವುದು ಮೇಲೆ ಬೀಸುವ ಗಾಳಿ ಮಾತ್ರವೋ, ಬೀದಿಯ ಪ್ರವಾಹಕ್ಕೂ ಅದರಲ್ಲಿ ಕೈ ಇದೆಯೋ? ಕೆಲಸದಲ್ಲಿದ್ದಾಗ ಈ ಪ್ರಶ್ನೆಯ ಬೆನ್ನು ಹತ್ತಲು ಅವರಿಗೆ ಬಿಡುವು ಕೊಡಲಿಲ್ಲವಂತೆ. ಒಮ್ಮೆ ಇನ್ನೊಬ್ಬರ ಅಳತೆ, ಇನ್ನೊಮ್ಮೆ ಮತ್ತೊಬ್ಬರ ವರದಿ. ನಿವೃತ್ತಿಯಾಗಿ, ಕಡಲಿಲ್ಲದ ಊರಿಗೆ ಬಂದ ಮೇಲೆ ಪ್ರಶ್ನೆ ಅವರದಾಯಿತು.

ಶನಿವಾರ ಮಧ್ಯಾಹ್ನ ಜನ್ನಾಪುರ, ಪೇಪರ್ ಟೌನ್, ಹೊಸಮನೆ ಕಡೆಯ ಶಾಲೆಗಳಿಂದ ಮಕ್ಕಳು ಬರುತ್ತಿದ್ದರು. ಕೆಲವೊಮ್ಮೆ ಹಿತ್ತಲು ತುಂಬಿ ಕಾಂಪೌಂಡಿನ ಮೇಲೂ ಹತ್ತಿ ಕೂರುತ್ತಿದ್ದರು. ತೆಲುಗು ಮನೆಯವರು, ತಮಿಳು ಮನೆಯವರು, ಉರ್ದು ಮಾತಾಡುವವರು, ಎಲ್ಲರೂ ಕೂಗುತ್ತಿದ್ದದ್ದು ಮಾತ್ರ "ಗ್ರೈಂಡರ್ ಮಿಸ್". ಮಿಸ್ ಟಬ್ಬಿಗೆ ನೀರು ತುಂಬಿಸಿ, ತಿರುಗಲು ಬಿಟ್ಟು, ನೀರು ಟಬ್ಬಿನ ಜೊತೆ ಒಂದಾಗಿ ತಿರುಗುವವರೆಗೆ ಯಾರೂ ಉಸಿರೆತ್ತಬಾರದು ಅನ್ನುತ್ತಿದ್ದರು. ಆಮೇಲೆ ಆಸ್ಪತ್ರೆಯ ಡ್ರಿಪ್ ಕೊಳವೆಯಿಂದ, ಬಟ್ಟೆಗೆ ಹಾಕುವ ನೀಲಿಯನ್ನು ಇಳಿಜಾರಿನ ಬುಡಕ್ಕೆ ಸಣ್ಣಗೆ ಬಿಡುತ್ತಿದ್ದರು. ನೀಲಿ ರಿಬ್ಬನ್ನಿನ ಹಾಗೆ ಇಳಿಜಾರು ಹಿಡಿದು ಹೊರಡುತ್ತಿತ್ತು. ಸ್ವಲ್ಪ ಹೊತ್ತಿನಲ್ಲಿ ಅದರ ನಾಲಿಗೆ ಜಗಲಿಯ ಮೇಲೆ ಚಾಚುತ್ತಿತ್ತು, ಇಳಿಯುತ್ತಿತ್ತು, ಮತ್ತೆ ಚಾಚುತ್ತಿತ್ತು. ಕೊನೆಗೆ ಹೊನ್ನಾವರ, ಭಟ್ಕಳ, ಮಲ್ಪೆ, ಎಲ್ಲ ನೀಲಿ.

"ಹತ್ತಿತಾ?"

"ಹತ್ತಿತು ಮಿಸ್!"

ಆ ಕೂಗಿಗೆ ಪಕ್ಕದ ಮನೆಯ ನಾಯಿ ಬೊಗಳುತ್ತಿತ್ತು. ಸೋಗಾನೆಯ ವಿಮಾನ ನಿಲ್ದಾಣಕ್ಕೆ ಇಳಿಯುವ ವಿಮಾನ ತಲೆಯ ಮೇಲೆ ಹಾದರೂ ಒಂದು ಮಗುವೂ ಕತ್ತೆತ್ತುತ್ತಿರಲಿಲ್ಲ. ಆಂಟಿ ಮಾತ್ರ ಮಂಡಕ್ಕಿ ಕಲಸುತ್ತ, "ಇದರಲ್ಲಿ ಅಕ್ಕಿ ರುಬ್ಬಿದ್ರೆ ಊರಿಗೆಲ್ಲ ದೋಸೆ ಆಗ್ತಿತ್ತು, ಈಗ ಊರಿಗೆಲ್ಲ ನೀಲಿ" ಅಂತ ಗೊಣಗುತ್ತಿದ್ದರು. ಗೊಣಗುತ್ತಲೇ ಮಕ್ಕಳ ತಲೆ ಎಣಿಸಿ ಇನ್ನೊಂದು ಸೇರು ಮಂಡಕ್ಕಿ ಸುರಿಯುತ್ತಿದ್ದರು.

ನಾನೂ ಪ್ರತಿ ಶನಿವಾರ ಹೋಗತೊಡಗಿದೆ. ನನ್ನನ್ನು ಅವರು ವಕೀಲಮ್ಮ ಅನ್ನುತ್ತಿದ್ದರು. ಎಲ್ಲರೂ "ಹೌದು ಮಿಸ್" ಅನ್ನುವಾಗ ನನ್ನ ಕಡೆ ತಿರುಗಿ, "ವಕೀಲಮ್ಮ ಏನಂತಾರೆ?" ಅಂತ ಕೇಳುತ್ತಿದ್ದರು. ನಾನು ಸುಮ್ಮನಿದ್ದರೆ ಬಿಡುತ್ತಿರಲಿಲ್ಲ. "ಪ್ರಶ್ನೆ ಬಂದ ಮೇಲೆ ನುಂಗಬಾರದು ಕಣೇ. ರುಬ್ಬಿಟ್ಟ ಹಿಟ್ಟಿದ್ದ ಹಾಗೆ, ಒಳಗೇ ಹುಳಿ ಬರುತ್ತೆ."

ಅಂಥವರಿಗೆ ಒಂದು ಆಹ್ವಾನ ಬಂತು. ಶಿವಮೊಗ್ಗದಲ್ಲಿ ವಿಜ್ಞಾನ ಮೇಳ. ಜಿಲ್ಲೆಯ ಶಾಲೆಗಳ ಮೇಷ್ಟ್ರುಗಳು, ಮಕ್ಕಳು, ಕಾಲೇಜಿನವರು ಎಲ್ಲರ ಎದುರು, ದೊಡ್ಡ ವೇದಿಕೆಯ ಮೇಲೆ 'ಗ್ರೈಂಡರ್ ಸಮುದ್ರ'ದ ಪ್ರದರ್ಶನ. ಅಲ್ಲಿ ಒಪ್ಪಿಗೆಯಾದರೆ ತಾಲೂಕು ತಾಲೂಕಿನ ಶಾಲೆಗಳಿಗೂ ಅದನ್ನು ಒಯ್ಯುವ ಮಾತಿತ್ತು. ಮಿಸ್ ಹೊರಗೆ ಏನೂ ತೋರಿಸಿಕೊಳ್ಳಲಿಲ್ಲ. ಆದರೆ ನಡುಮನೆಯ ಸುತ್ತು ಹೆಚ್ಚಾಯಿತು, ಬೇಗ ಬೇಗ ಆಯಿತು. ಆಂಟಿ ಟ್ರಂಕಿನಿಂದ ಮೈಸೂರು ರೇಷ್ಮೆ ತೆಗೆದು ಬಿಸಿಲಿಗೆ ಹರಡಿದರು. "ಅಕ್ಕ ರಿಟೈರಾದ ದಿನಕ್ಕೆ ಅಂತ ತಗೊಂಡಿದ್ದು. ಆವತ್ತು ಅಕ್ಕ ಹಡಗಲ್ಲೇ ಇದ್ರು."

ಮೇಳಕ್ಕೆ ಇನ್ನೇನು ವಾರವಿದೆ ಅನ್ನುವಾಗ ತಾಲೀಮಿಗೆ ಕೂತೆವು. ಮಕ್ಕಳಿರಲಿಲ್ಲ. ನಾನು ಮುಖ್ಯ ಅತಿಥಿಯ ಹಾಗೆ ಕುರ್ಚಿಯಲ್ಲಿ ಕಾಲಮೇಲೆ ಕಾಲು ಹಾಕಿ ಕೂತಿದ್ದೆ. ಮೊದಲ ಸಲ ನಾನು ಟಬ್ಬಿನ ಮೇಲೆ ಬಗ್ಗದೆ ದೂರದಿಂದ ನೋಡುತ್ತಿದ್ದೆ. ದೂರದಿಂದ ನೋಡಿದ್ದರಿಂದಲೇ ಕಂಡಿತು. ನೀಲಿ ನಾಲಿಗೆ ಚಾಚುತ್ತಿದ್ದುದು ಹೊನ್ನಾವರದ ಹತ್ತಿರ ಅಲ್ಲ, ಮಲ್ಪೆಯ ಹತ್ತಿರವೂ ಅಲ್ಲ. ಯಾವ ಊರಾದರೂ ಸರಿ, ತಿರುಗುತ್ತ ತಿರುಗುತ್ತ ಪಾತ್ರೆ ತೊಳೆದ ನೀರು ಹೋಗುವ ಜಾಲರಿಯ ಕಡೆಗೆ ಬಂತೆಂದರೆ ಅಲ್ಲಿ ನೀಲಿ ಹತ್ತುತ್ತಿತ್ತು. ಆ ಕಡೆ ದಾಟಿದರೆ ಇಳಿಯುತ್ತಿತ್ತು. ನೀಲಿ ಹತ್ತುತ್ತಿದ್ದುದು ಸಮುದ್ರದ ಒಂದು ಜಾಗದಲ್ಲಿ ಅಲ್ಲ, ಹಿತ್ತಲಿನ ಒಂದು ಜಾಗದಲ್ಲಿ.

ಇದು ಹೊಳೆದ ಆ ಗಳಿಗೆಯಲ್ಲಿ ನನಗಾದದ್ದು ಖುಷಿ. ಎದುರಾಳಿಯ ವಾದದಲ್ಲಿ ಬಿರುಕು ಕಂಡಾಗ ಬೆನ್ನುಹುರಿಯಲ್ಲಿ ಏರುವ ಖುಷಿ.

"ಮಿಸ್, ನೆಲ ಓರೆ ಇದೆಯಾ?"

"ಹಾಂ?"

"ಪಾತ್ರೆ ತೊಳೆಯೋ ಜಾಗ ಅಲ್ವಾ. ನೀರು ಜಾಲರಿಗೆ ಹೋಗ್ಲಿ ಅಂತ ಇಳಿಜಾರು ಬಿಟ್ಟಿರ್ತಾರೆ. ಟಬ್ ಒಂದು ಸುತ್ತು ಬರುವಾಗೆಲ್ಲ ನೀರು ಆ ಕಡೆ ತುಳುಕುತ್ತೆ. ನೀಲೀನ ಹತ್ತಿಸ್ತಿರೋದು ಪ್ರವಾಹ ಅಲ್ಲ, ಓರೆ ನೆಲ."

ಮಿಸ್ ಬಲಗೈ ಚಾಚಿ ಬಾಗಿಲ ಚೌಕಟ್ಟು ಹಿಡಿದುಕೊಂಡರು. ಆಮೇಲೆ, "ಪಕ್ಕದಲ್ಲಿ ಮನೆ ಕಟ್ತಿದ್ದಾರಲ್ಲ, ರಸಮಟ್ಟ ಇಸ್ಕೊಂಡು ಬಾ" ಅಂದರು.

ಗಾರೆಯವನು ರಸಮಟ್ಟ ಕೊಡುತ್ತ, "ಏನಮ್ಮಾ, ದೋಸೆಹಿಟ್ಟಿಗೂ ಮಟ್ಟ ನೋಡ್ತೀರಾ?" ಅಂತ ನಕ್ಕ. ನಾನೂ ನಕ್ಕೆ. ತಂದು ಗ್ರೈಂಡರಿನ ಮೇಲಿಟ್ಟರೆ ಗಾಜಿನೊಳಗಿನ ಗುಳ್ಳೆ ಒಂದೇ ಕಡೆ ಓಡಿತು. ಜಾಲರಿಯ ಕಡೆಯ ಕಾಲಿನ ಕೆಳಗೆ ಒಡೆದ ಟೈಲ್ಸಿನ ಚೂರುಗಳನ್ನು ತುರುಕಿ, ಗುಳ್ಳೆ ನಡುವೆ ನಿಲ್ಲುವವರೆಗೆ ಮಿಸ್ ನನ್ನನ್ನು ಬಿಡಲಿಲ್ಲ. ಮತ್ತೆ ನೀರು, ಮತ್ತೆ ಕಾಯುವುದು, ಮತ್ತೆ ನೀಲಿ.

ನೀಲಿ ಇಳಿಜಾರಿನ ಬುಡ ಹಿಡಿದು ಹೊರಟಿತು. ಮಂಗಳೂರು ದಾಟಿತು, ಮಲ್ಪೆ ದಾಟಿತು, ಕಾರವಾರ ದಾಟಿತು, ಸುತ್ತಿ ಬಂದು ತನ್ನ ಬಾಲವನ್ನೇ ಹಿಡಿಯಿತು. ಜಗಲಿಯ ಮೇಲೆ ಒಂದು ಎಳೆ ನೀಲಿ ಇಲ್ಲ. ಗೆರೆ ಎಳೆದಷ್ಟು ಚೊಕ್ಕ. ತಿರುಗುವ ಭೂಮಿಯ ಮೇಲೆ ನೀರು ತನ್ನ ಆಳವನ್ನು ಸುಲಭಕ್ಕೆ ಬಿಟ್ಟುಕೊಡುವುದಿಲ್ಲ, ಒಂದೇ ಆಳದ ಗೆರೆ ಹಿಡಿದು ಸುತ್ತುತ್ತದೆ, ಕಡಿದಾದ ಇಳಿಜಾರು ಅದಕ್ಕೆ ಗೋಡೆ ಇದ್ದ ಹಾಗೆ ಅಂತ ಅವರೇ ನನಗೆ ಹೇಳಿಕೊಟ್ಟಿದ್ದರು. ಹೇಳಿಕೊಟ್ಟವರಿಗೇ ಅದನ್ನು ಕಾಣಲು ಓರೆ ನೆಲ ಬಿಟ್ಟಿರಲಿಲ್ಲ.

ಟೀ ಆರಿ ಕೆನೆಗಟ್ಟಿತು. ಮಿಸ್ ನೋಡುತ್ತಲೇ ಇದ್ದರು.

"ಹತ್ತಲ್ಲ ಮಾರಾಯ್ತಿ" ಅಂದರು ಕೊನೆಗೆ. ಆಮೇಲೆ ನಕ್ಕುಬಿಟ್ಟರು. "ಹಡಗಲ್ಲಿ ಇದ್ದವಳಿಗೆ ನೆಲ ಓರೆ ಅಂತ ಹೇಗೆ ಗೊತ್ತಾಗ್ಬೇಕು ಹೇಳು. ನನಗೆ ನೆಲ ನೆಟ್ಟಗಿದ್ರೇ ಅನುಮಾನ."

ಅವರು ನಕ್ಕಾಗ ನನ್ನ ಖುಷಿ ಇಳಿಯಿತು. ಹಿತ್ತಲಿನ ಹಗ್ಗದ ಮೇಲೆ ಮೈಸೂರು ರೇಷ್ಮೆ ತೂಗುತ್ತಿತ್ತು.

ಆಮೇಲೆ ನಾನು ಮಾಡಿದ್ದು ನನ್ನ ಜೀವನದ ಅತ್ಯಂತ ಕೆಟ್ಟ ವಾದ. ಟೈಲ್ಸ್ ಚೂರು ತೆಗೆದುಬಿಡೋಣ ಮಿಸ್, ಅಂದೆ. ವೇದಿಕೆಯ ಮೇಲೂ ಒಂದು ಕಾಲು ಸ್ವಲ್ಪ ತಗ್ಗಿಸಿದರಾಯಿತು. ನೋಡುವವರಲ್ಲಿ ಯಾರಿಗೆ ಗೊತ್ತಾಗುತ್ತದೆ? ಮಕ್ಕಳಿಗೆ ಕಡಲಿನ ಹುಚ್ಚು ಹಿಡಿಯಬೇಕು ಅಷ್ಟೇ ತಾನೆ? ನಿಜವಾದ ಕಡಲಿನಲ್ಲಿ ಹೇಗಾದರೂ ಹತ್ತಿಯೇ ಹತ್ತುತ್ತದಲ್ಲ? ಪರವಾಗಿ ಮಾತಾಡುವುದರಲ್ಲಿ ಎಷ್ಟು ನುರಿತಿದ್ದೆನೋ ಅಷ್ಟೂ ಸುರಿದೆ. ರಾಹುಕಾಲಕ್ಕೆ ಪುರಾವೆ ಕೇಳುತ್ತಿದ್ದ ಬಾಯಿ ಅದು.

ಮಿಸ್ ಪೂರ್ತಿ ಕೇಳಿದರು. "ಚೆನ್ನಾಗಿ ಮಾತಾಡ್ತೀಯ. ಇದಕ್ಕೂ ಫಸ್ಟ್ ಪ್ರೈಜ್ ಕೊಡಬಹುದು" ಅಂದರು.

"ನಾನು ಕೇಳಬಾರದಿತ್ತು ಮಿಸ್."

"ಥೂ, ಹಾಗನ್ಬೇಡ. ಕೇಳಿದ್ದಾಯ್ತಲ್ಲ, ಇನ್ನು ಅದು ನಿನ್ನ ಪ್ರಶ್ನೆ ಅಲ್ಲ. ನಂದು. ನೀನು ಮನೆಗೆ ಹೋಗು, ಬಸ್ ತಪ್ಪುತ್ತೆ."

ಮೇಳದ ದಿನ ರೇಷ್ಮೆ ಸೀರೆಯಲ್ಲೇ ಬಂದರು. ವೇದಿಕೆಯ ಮೇಲೆ ಹಿಡಿಯಲು ಗೋಡೆ ಇರಲಿಲ್ಲ, ಬಲಗೈಗೆ ನನ್ನ ಭುಜ ಕೊಟ್ಟು ನಡೆಸಿದೆ. ಮೊದಲು ಗ್ರೈಂಡರನ್ನು ಹಿತ್ತಲಿನಷ್ಟೇ ಓರೆಯಾಗಿ ನಿಲ್ಲಿಸಿ ಪ್ರಯೋಗ ತೋರಿಸಿದರು. ನೀಲಿ ಜಗಲಿ ಹತ್ತಿತು, ಸಭೆ ಚಪ್ಪಾಳೆ ತಟ್ಟಿತು, ಭದ್ರಾವತಿಯಿಂದ ಬಂದಿದ್ದ ಮಕ್ಕಳು "ಹತ್ತಿತು ಮಿಸ್!" ಅಂತ ಅಲ್ಲೂ ಕೂಗಿದವು. ಚಪ್ಪಾಳೆ ನಿಲ್ಲಲಿ ಎಂದು ಮಿಸ್ ಕಾದರು. ಆಮೇಲೆ ನನ್ನ ಕೈಯಿಂದ ಟೈಲ್ಸ್ ಚೂರು ಇಡಿಸಿ, ರಸಮಟ್ಟ ಇಟ್ಟು, ಗುಳ್ಳೆ ನಡುವೆ ನಿಂತದ್ದನ್ನು ಮುಂದಿನ ಸಾಲಿನವರಿಗೆ ತೋರಿಸಿ, ಎರಡನೆಯ ಪ್ರಯೋಗ ಶುರು ಮಾಡಿದರು. ನೀರು ನೆಲೆಗೊಳ್ಳಲು ಹೊತ್ತು ಹಿಡಿಯಿತು. ಸಭೆ ಕೆಮ್ಮಿತು, ಫೋನ್ ನೋಡಿತು. ಕೊನೆಗೆ ನೀಲಿ ಗೆರೆ ಹಿಡಿದು ಸುತ್ತಿತೇ ಹೊರತು ಮೇಲೆ ಬರಲಿಲ್ಲ.

"ಇಷ್ಟು ವರ್ಷ ನಾನು ಮಕ್ಕಳಿಗೆ ಸಮುದ್ರ ಅಂತ ತೋರಿಸಿದ್ದು ನಮ್ಮನೆ ಹಿತ್ತಲಿನ ಇಳಿಜಾರು" ಅಂದರು ಮಿಸ್ ಮೈಕಿನಲ್ಲಿ. "ಈ ಹುಡುಗಿ ಕೇಳಿದ ಮೇಲೆ ಗೊತ್ತಾಯ್ತು. ಮೆರವಣಿಗೆ ಜಗಲಿ ಹತ್ತಿ ಬರಲ್ಲ. ಹಾಗಾದ್ರೆ ಜಗಲಿಯವರು ಏಳೋದು ಹೇಗೆ? ನನಗೆ ಗೊತ್ತಿಲ್ಲ. ಹುಡುಕಬೇಕು."

ಚಪ್ಪಾಳೆ ಬಿತ್ತು. ಅದರಲ್ಲಿ ಅರ್ಧವೂ ಮಿಸ್ ಅವರಿಗೆ ಬಿದ್ದದ್ದು ಅಂತ ಅನ್ನಿಸಲಿಲ್ಲ. ನಿರೂಪಕ ಮೈಕು ತೆಗೆದುಕೊಂಡು, ಪ್ರಯೋಗ ವಿಫಲವಾದರೂ ಪ್ರಯತ್ನ ದೊಡ್ಡದು, ಇಂಥ ಚುರುಕು ವಿದ್ಯಾರ್ಥಿನಿ ನಮ್ಮ ಜಿಲ್ಲೆಯ ಹೆಮ್ಮೆ ಅಂತ ನನ್ನ ಬೆನ್ನು ತಟ್ಟಿದ. ಬಂದ ಹಾರವನ್ನು ಮಿಸ್ ನನ್ನ ಕೊರಳಿಗೇ ಹಾಕಿದರು. ಅದು ಚೆಂಡುಹೂವಿನ ಹಾರ. ಬಸ್ಸಿನಲ್ಲಿ ಅದನ್ನು ಎಲ್ಲಿಡುವುದೆಂದು ತಿಳಿಯದೆ ಮಡಿಲಲ್ಲಿಟ್ಟುಕೊಂಡೇ ಮನೆಗೆ ಬಂದೆ.

ಮುಂದಿನ ಶನಿವಾರ ಹಿತ್ತಲಿಗೆ ಮಕ್ಕಳು ಬರಲಿಲ್ಲ. ಅದರ ಮುಂದಿನ ವಾರವೂ ಇಲ್ಲ. ಒಂದು ಶಾಲೆಯ ಮುಖ್ಯೋಪಾಧ್ಯಾಯರು ಫೋನಿನಲ್ಲಿ ನಯವಾಗಿಯೇ ಹೇಳಿದರು. ಸ್ಪೀಕರಿನಲ್ಲಿ ನಾನೂ ಕೇಳಿಸಿಕೊಂಡೆ.

"ಅದು ತಪ್ಪು ಪ್ರಯೋಗ ಅಂತ ನೀವೇ ಹೇಳಿದ್ರಲ್ಲ ಮೇಡಂ. ಪೇರೆಂಟ್ಸ್ ಕೇಳ್ತಾರೆ."

"ತಪ್ಪು ಹೇಗಾಯ್ತು ಅಂತ ತೋರಿಸ್ತೀನಿ ಸಾರ್. ಅದಕ್ಕೇ ಕಳ್ಸಿ."

"ನೋಡೋಣ ಮೇಡಂ."

ಆಂಟಿ ಕೆಲವು ವಾರ ಮಂಡಕ್ಕಿ ಕಲಸಿದರು. ನಾವು ಮೂವರೇ ತಿಂದೆವು. "ಬಾಯಿ ಮುಚ್ಕೊಂಡು ಇದ್ದಿದ್ರೆ ಆಗ್ತಿರಲಿಲ್ವೇನೇ?" ಅಂತ ಆಂಟಿ ಒಂದೇ ಒಂದು ಸಲ ನನಗೆ ಅಂದರು. ಮಿಸ್ ಒಳಗಿನಿಂದ ಗದರಿದರು: "ಅವಳನ್ನ ಯಾಕೆ ಅಂತೀಯ? ನೆಲ ಓರೆ ಮಾಡಿದ್ದು ಅವಳಾ?" ಗದರಿದ್ದು ನನ್ನ ಪರವಾಗಿ. ಆದರೂ ನನಗೆ ಆಂಟಿಯ ಮಾತೇ ಸರಿ ಅನ್ನಿಸಿತು. ನಾನು ಬಾಯಿ ಮುಚ್ಚಿಕೊಂಡಿದ್ದರೆ ಆ ಹಿತ್ತಲಲ್ಲಿ ಸುಳ್ಳು ಇರುತ್ತಿತ್ತು, ಮಕ್ಕಳೂ ಇರುತ್ತಿದ್ದರು. ಈಗ ನಿಜ ಇತ್ತು. ನಿಜದ ಜೊತೆ ಒಬ್ಬ ಮುದುಕಿ ನಿಂತಿದ್ದಳು.

ಮಿಸ್ ಹುಡುಕಿದರು. ತಿಂಗಳುಗಟ್ಟಲೆ. ಟಬ್ಬಿನ ಜಗಲಿಗೆ ಗೋಂದು ಹಚ್ಚಿ ಮರಳು ಅಂಟಿಸಿ ಒರಟು ಮಾಡಿದರು. ಮಲ್ಪೆಯ ಎದುರು ಇಳಿಜಾರಿನಲ್ಲಿ ಒಂದು ಕಲ್ಲಿಟ್ಟು ಪ್ರವಾಹ ಅಲ್ಲಿ ಜಗಲಿಗೆ ಒತ್ತರಿಸಿಕೊಂಡು ಹೋಗುವಂತೆ ಮಾಡಿದರು. ಒಂದು ದಿನ ಫೋನ್ ಬಂತು: "ವಕೀಲಮ್ಮಾ, ಪಾಟೀಸವಾಲು ತಯಾರು ಮಾಡ್ಕೊಂಡು ಬಾ."

ಹೋದಾಗ ರಸಮಟ್ಟ ಆಗಲೇ ಟಬ್ಬಿನ ಪಕ್ಕದಲ್ಲಿತ್ತು. ಗಾರೆಯವನದಲ್ಲ, ಹೊಸದು. ಇಳಿಜಾರಿಗೆ ನೀಲಿ ಬಿಟ್ಟರು. ಜಗಲಿಯ ಮೇಲೆ, ಸುತ್ತಲೂ ಅಲ್ಲಲ್ಲಿ, ಕುಂಕುಮದ ನೀರನ್ನು ಹನಿ ಹನಿಯಾಗಿ ಇಟ್ಟರು. ನೀಲಿ ಯಥಾಪ್ರಕಾರ ಬುಡ ಹಿಡಿದು ಸುತ್ತಿತು, ಮೇಲೆ ಬರಲಿಲ್ಲ. ನಾನು ಬಾಯಿ ತೆರೆಯುವುದರಲ್ಲಿದ್ದೆ.

"ನೀಲೀನ ನೋಡ್ಬೇಡ. ಕೆಂಪು ನೋಡು. ಕಲ್ಲಿನ ಹತ್ರ ಅಲ್ಲ, ಇನ್ನೂ ಮುಂದೆ. ದಡ ಬಲಕ್ಕಿಟ್ಕೊಂಡು ಮುಂದೆ ಹೋಗು."

ಮಲ್ಪೆಯ ಹನಿ ಇದ್ದಲ್ಲೇ ಮಸುಕಾಗುತ್ತಿತ್ತು. ಅದರಿಂದ ಮುಂದೆ, ಹೊನ್ನಾವರದ ಎದುರಿನ ಹನಿ, ತಾನೇ ನೆನಪು ಮಾಡಿಕೊಂಡ ಹಾಗೆ ನಿಧಾನವಾಗಿ ಉದ್ದವಾಯಿತು. ಬಾಲ ಬಂತು. ಅಂಚಿನ ಪಕ್ಕದಲ್ಲೇ ಕಾರವಾರದ ಕಡೆ ಹೊರಟಿತು. ಬೀದಿಯಿಂದ ಒಂದು ಹನಿ ನೀಲಿ ಬಂದು ಅದನ್ನು ಮುಟ್ಟಿರಲಿಲ್ಲ.

ಪ್ರವಾಹ ಒತ್ತರಿಸಿದಲ್ಲಿ ಜಗಲಿಯ ಅಂಚಿಗೆ ನೀರಿನ ಮಟ್ಟ ಕಣ್ಣಿಗೆ ಕಾಣದಷ್ಟು ಹೆಚ್ಚುಕಡಿಮೆಯಾಗುತ್ತದೆ. ನೀರಿನ ಮಟ್ಟದ ಆ ಓರೆ, ಜಗಲಿಯ ನೀರಿನ ಮೇಲೆ ಒರಗುತ್ತದೆ. ತಳ ಒರಟಾಗಿದ್ದರೆ ಅದರ ಒತ್ತು ಸ್ವಲ್ಪ ಸ್ವಲ್ಪವಾಗಿ ಒಳಗೆ ಇಳಿಯುತ್ತದೆ. ಅದು ಕಾಣಿಸುವುದು ಮಾತ್ರ ಒರಗಿದ ಜಾಗದಲ್ಲಲ್ಲ, ದಡ ಬಲಕ್ಕಿರುವಂತೆ ಎಷ್ಟೋ ಮುಂದೆ. ಹೊಸದೇನೂ ಅಲ್ಲ, ಬಲ್ಲವರು ಲೆಕ್ಕದಲ್ಲಿ ಹಿಂದೆಯೇ ತೋರಿಸಿದ್ದಾರೆ, ತಾನು ಕಣ್ಣಿಂದ ನೋಡಿದ್ದು ಇವತ್ತು, ಅಂದರು ಮಿಸ್.

"ಮೆರವಣಿಗೆ ಜಗಲಿ ಹತ್ತೋದು ಬೇಡ ಕಣೇ. ಜಗಲಿಗೆ ಸುಮ್ನೆ ಒರಗಿದ್ರೂ ಸಾಕು. ಮುಂದಿನ ಮನೆಯವರು ಎದ್ದು ನಡೀತಾರೆ."

ನಾನು ರಸಮಟ್ಟ ಇಟ್ಟು ನೋಡಿದೆ. ಟಬ್ ನಿಲ್ಲಿಸಿ, ಕಲ್ಲು ತೆಗೆದು, ಮತ್ತೆ ತಿರುಗಿಸಲು ಹೇಳಿದೆ. ಕಲ್ಲಿಲ್ಲದಾಗ ಕೆಂಪು ಹನಿ ಇದ್ದಲ್ಲೇ ಇತ್ತು. ಕಲ್ಲಿಟ್ಟಾಗ ಮತ್ತೆ ಹೊರಟಿತು. ಎಷ್ಟು ಹುಡುಕಿದರೂ ನನಗೆ ಬಿರುಕು ಸಿಗಲಿಲ್ಲ. "ಒಪ್ಪಿದೆ ಮಿಸ್" ಅಂದೆ.

"ಆಂಟಿ, ಬನ್ನಿ ನೋಡಿ" ಅಂತ ಕೂಗಿದೆ. ಆಂಟಿ ಸೆರಗಿಗೆ ಕೈ ಒರೆಸುತ್ತ ಬಂದು ಬಗ್ಗಿ ನೋಡಿದರು. "ಕುಂಕುಮ ಹರೀತಿದೆ" ಅಂದರು. ಇನ್ನೂ ಹತ್ತಿರ ಬಗ್ಗಿ, "ಚೆನ್ನಾಗಿದೆ ಅಕ್ಕ" ಅಂದರು. ನಾಯಿ ಬೊಗಳಲಿಲ್ಲ. ಸುಳ್ಳು ಸಮುದ್ರವನ್ನು ಇಡೀ ಭದ್ರಾವತಿಯ ಮಕ್ಕಳು ನೋಡಿದ್ದರು. ನಿಜವಾದದ್ದನ್ನು ನೋಡಿದವರು ಆ ಸುಳ್ಳನ್ನು ಹಾಳು ಮಾಡಿದವಳು ಒಬ್ಬಳು, ಮಂಡಕ್ಕಿ ಕಲಸುವವರು ಒಬ್ಬರು.

ಶಾಲೆಗಳಿಗೆ ನಾನೇ ಹೋದೆ. ಪರೀಕ್ಷೆ ಮುಗಿಯಲಿ ಅಂದರು, ರಜೆ ಕಳೆಯಲಿ ಅಂದರು. ಮಳೆಗಾಲ ಹಿಡಿಯಿತು. ಆ ಮಳೆಯಲ್ಲೇ ಒಂದು ಬೆಳಿಗ್ಗೆ ಆಂಟಿಯ ಫೋನ್. ಮಿಸ್ ಎದ್ದು, ಮುಖ ತೊಳೆದು, ಕಿಟಕಿಯ ಹತ್ತಿರದ ಕುರ್ಚಿಯಲ್ಲಿ ಕೂತವರು ಹಾಗೆಯೇ ಹೋಗಿದ್ದರು. ಬಲಗೈ ಗೋಡೆಯ ಮೇಲೇ ಇತ್ತಂತೆ. ಬೂದಿಯನ್ನು ತುಂಗೆ ಭದ್ರೆ ಸೇರುವ ಕೂಡಲಿಯಲ್ಲಿ ಬಿಟ್ಟರು. ನಾನೂ ಹೋಗಿದ್ದೆ. ಅಲ್ಲಿಂದ ಪೂರ್ವಕ್ಕೆ, ಕೊಲ್ಲಿಗೆ, ಲಂಕೆ ಸುತ್ತಿ ಈ ಕಡೆಗೆ. ದಾರಿ ಅವರೇ ಹೇಳಿದ್ದು.

ವರ್ಷದ ತಿಥಿಗೆ ಮುಂಚೆ ಆಂಟಿ ಮನೆಗೆ ಬಣ್ಣ ಹೊಡೆಸಿದರು. ನಾನು ಹೋದಾಗ ನಡುಮನೆ ತಿಳಿಹಳದಿಯಾಗಿತ್ತು, ಆದರೆ ಪಟ್ಟೆ ಹೋಗಿರಲಿಲ್ಲ. "ಎರಡು ಕೈ ಬಳಿದ್ರು ಮಾರಾಯ್ತಿ. ಎಣ್ಣೆ ಜಿಡ್ಡಲ್ವಾ, ಮತ್ತೆ ಮೇಲೇ ಬಂತು" ಅಂದರು ಆಂಟಿ. ಕಾಫಿ ಮಾಡಲು ಒಳಗೆ ಹೋದರು.

ನಾನು ಬೀದಿ ಬಾಗಿಲ ಪಕ್ಕದ ಕುರ್ಚಿಯಲ್ಲಿ ಕೂತಿದ್ದೆ. ಅಡುಗೆಮನೆಯಿಂದ ನನಗೆ ನೇರ ದಾರಿ, ನಡುವೆ ಏನೂ ಅಡ್ಡವಿಲ್ಲ. ಆಂಟಿ ಎಡಗೈಯಲ್ಲಿ ಲೋಟ ಹಿಡಿದು ಹೊರಬಂದು, ದೇವರ ಗೂಡಿನ ಕೆಳಗೆ ಹಾದು, ಕಿಟಕಿ ಬಳಸಿ, ಗೋಡೆ ಹಿಡಿದು ಬಂದರು. ಕಾಫಿ ಕೊಟ್ಟು, ಟೀವಿಯ ಕಡೆಯಿಂದ ಸುತ್ತಿ ಒಳಗೆ ಹೋದರು. ಅವರ ಕೈಕಾಲು ಗಟ್ಟಿಯಾಗಿವೆ, ಗೋಡೆಯ ಹಂಗು ಅವರಿಗಿಲ್ಲ. ಇಷ್ಟು ವರ್ಷ ಆ ನಡುಮನೆಯಲ್ಲಿ ಮಿಸ್‌ಗೆ ಎದುರಾಗದಂತೆ ಅವರು ಹೋದ ಕಡೆಯೇ ಹೋಗಿ ಹೋಗಿ, ಅಪ್ರದಕ್ಷಿಣೆ ಒಳ್ಳೆಯದಲ್ಲ ಅನ್ನುತ್ತಿದ್ದವರು ಅದನ್ನೇ ನಡೆಯುತ್ತಿದ್ದರು. ಅವರಿಗೆ ಗೊತ್ತಿರಲಿಲ್ಲ.

ನನ್ನ ನಾಲಿಗೆಗೆ ಪ್ರಶ್ನೆ ಬಂತು. ನುಂಗಿದೆ. ಒಮ್ಮೆ ಕೇಳಿ ಆ ಮನೆಯಿಂದ ಏನನ್ನು ಓಡಿಸಿದ್ದೆನೋ ನನಗೆ ನೆನಪಿತ್ತು. ಕಾಫಿ ಮುಗಿಯುವವರೆಗೂ ನುಂಗಿಕೊಂಡೇ ಇದ್ದೆ. ಒಳಗೆ ಹುಳಿ ಬರತೊಡಗಿತು.

"ಆಂಟಿ, ನೀವ್ಯಾಕೆ ಸುತ್ತಿ ಬರ್ತೀರಾ?"

ಹೊರಬರುತ್ತಿದ್ದ ಆಂಟಿ ಅಡುಗೆಮನೆಯ ಬಾಗಿಲಲ್ಲಿ ನಿಂತರು. "ಎಲ್ಲಿ ಸುತ್ತಿ?" ಅಂದರು. ಆಮೇಲೆ ಪಟ್ಟೆಯ ಮೇಲಿದ್ದ ತಮ್ಮ ಕೈಯನ್ನು ನೋಡಿಕೊಂಡು ಸಟ್ಟನೆ ಹಿಂತೆಗೆದರು. ಆ ಕೈಯನ್ನು ಏನು ಮಾಡುವುದೆಂದು ತಿಳಿಯದೆ ಸೆರಗಿಗೆ ಒರೆಸಿದರು. ಮತ್ತೆ ಅದೇ ಮಾಡಿಬಿಟ್ಟೆ.

ಖಾಲಿ ಲೋಟ ತೆಗೆದುಕೊಳ್ಳಲು ಆಂಟಿ ಹೊರಟರು. ಈ ಸಲ ನಡುಮನೆಯ ಮಧ್ಯದಿಂದ ನೇರವಾಗಿ. ಅರ್ಧ ದಾರಿಗೆ ಬಂದು ನಿಂತರು. ನನ್ನನ್ನು ನೋಡಲಿಲ್ಲ. ತಿರುಗಿ ಅಡುಗೆಮನೆಯ ಬಾಗಿಲಿಗೇ ಹೋದರು. ಬಲಗೈಯನ್ನು ಪಟ್ಟೆಯ ಮೇಲೆ ಸರಿಯಾಗಿ ಇಟ್ಟು, ದೇವರ ಗೂಡಿನ ಕೆಳಗಿನಿಂದ, ನಿಧಾನವಾಗಿ ಸುತ್ತಿ ಬಂದರು.